ಪೇರಲ ಗಿಡದ ಪರವಾಗಿ ಒಂದು ಮಾತು

ಗೆಳೆಯರೇ, ನಮ್ಮ ತೋಟಗಾರರ ಸಂಘದ ಹಲಗೆಗೆ ಇದನ್ನು ಇವತ್ತೇ ಅಂಟಿಸುತ್ತಿದ್ದೇನೆ. ನಮ್ಮ ಪಕ್ಕದ ಮನೆಯ ನೀಲಮ್ಮತ್ತೆ ಕಾಯಿ ಬಿಡದ ಪೇರಲ ಗಿಡವನ್ನು ಹೆದರಿಸಲು ಮಧ್ಯಾಹ್ನ ಕೊಡಲಿ ಹಿಡಿದು ನಿಂತರು.

“ನಾ ಕಡೀಲೇನು ಅಂತೀನಿ. ನೀ ಗಿಡದ ಪರವಾಗಿ, ಕಡಿಬ್ಯಾಡ, ಕಾಯಿ ಕೊಡ್ತೀನಿ ಅನ್ನು. ಯಾರೂ ಅನ್ನದಿದ್ರ ಕಡೀಲೇಬೇಕು.”

“ಮೂಢನಂಬಿಕಿ ಬಿಡ್ರಿ ಅತ್ತಿ. ಒಂದು ತಿಂಗಳು ನೀರು ನಿಲ್ಲಿಸಿ, ಬೇರು ಬಿಡಿಸಿ, ಗೊಬ್ಬರ ಹಾಕ್ರಿ. ನಮ್ಮ ಸಂಘದ ಕರಪತ್ರದಾಗ ಐತಿ.” ಇಷ್ಟು ಹೇಳಿ ಅವರ ಪಕ್ಕದಲ್ಲೇ ತುಟಿ ಬಿಗಿದು ನಿಂತೆ.

“ಕಡೀಲೇನು?” ಕೊಡಲಿ ಮೇಲೆದ್ದಿತು.

“ಕಡಿಬ್ಯಾಡ ಅತ್ತಿ, ಕಾಯಿ ಕೊಡ್ತೀನಿ.”

ದನಿ ನನ್ನದೇ. ಬಂದದ್ದು ಮಾತ್ರ ಗಿಡದ ಹಿಂದಿನಿಂದ. ಹೋಗಿ ನೋಡಿದೆ, ಅಲ್ಲಿ ಯಾರೂ ಇರಲಿಲ್ಲ.

ನೀಲಮ್ಮತ್ತೆ ಕೊಡಲಿ ಇಳಿಸಿ, “ಕಡೀಗೂ ಅಂದ್ಯಲ್ಲ, ಶಾಣ್ಯಾ” ಎಂದು ನನ್ನ ಬೆನ್ನು ತಟ್ಟಿದರು.

ಕರಪತ್ರದಲ್ಲಿ ಬೇರಿನ ಬಗ್ಗೆ ಎರಡು ಪುಟ ಇದೆ. ನಾಲಿಗೆಯ ಬಗ್ಗೆ ಒಂದು ಸಾಲೂ ಇಲ್ಲ.