ಜಗಲಿಯ ಫೋಟೊ

ದೊಡ್ಡಬಳ್ಳಾಪುರದ ನೇಕಾರರ ಹಳೇ ಬೀದಿ ಹೊಸದಾಗಿ ಬಂದವರ ಕಣ್ಣಿಗೆ ಹೇಗೆ ಕಾಣುತ್ತದೋ ಹಾಗೆ ಪ್ರದರ್ಶನಕ್ಕೆ ಫೋಟೊ ತೆಗೆದುಕೊಡಿ ಎಂದು ಗ್ರಂಥಾಲಯದವರು ಕೇಳಿದ್ದರು. ಬೀದರ್ ಕಡೆಯಿಂದ ಮಗಳ ಮನೆಗೆ ಬಂದು ವರ್ಷವಾಗಿದ್ದ ನಾನೂ ಮೊಬೈಲ್ ಹಿಡಿದು ಹೊರಟೆ.

ಮರದ ಕಂಬಗಳಿದ್ದ ಒಂದು ಜಗಲಿ ಕಂಡಿತು. ಒಳಗೆ ಮಗ್ಗ ಸದ್ದು ಮಾಡುತ್ತಿತ್ತು. ಒಂದು ಫೋಟೊ ತೆಗೆಯುವಷ್ಟರಲ್ಲಿ ಸದ್ದು ನಿಂತು, ನನ್ನದೇ ವಯಸ್ಸಿನ ಹೆಂಗಸೊಬ್ಬರು ಹೊರಗೆ ಬಂದರು.

“ಎಷ್ಟು ಅಡಿ ಹೋಗುತ್ತೆ, ಮೇಡಂ?”

ನನಗೆ ಅರ್ಥವಾಗಲಿಲ್ಲ. ಅವರು ಗೋಡೆಯ ಮೇಲಿನ ಕೆಂಪು ಗುರುತು ತೋರಿಸಿದರು. ರಸ್ತೆ ಅಗಲ ಮಾಡಲು ಅಳೆದವರು ಹಾಕಿದ್ದಂತೆ.

“ನಾ ಆಫೀಸಿನಾಕಿ ಅಲ್ರೀ ಅಕ್ಕಾ,” ಎಂದೆ.

“ಅಳೆಯೋಕೆ ಬಂದವ್ರೂ ಹಿಂಗೇ ಮಾತಾಡ್ತಿದ್ರು. ನಿಮ್ಮ ಕಡೆಯವ್ರೇ.”

ಹಳೆಯ ಮನೆಗಳ ಪ್ರದರ್ಶನಕ್ಕೆ ಎಂದು ವಿವರಿಸಿದೆ. ಅವರ ಗಾಬರಿ ಇನ್ನೂ ಹೆಚ್ಚಾಯಿತು.

“ಹಳೇದು ಅಂತ ತೋರಿಸಿದ್ರೆ ಉಳಿಸ್ತಾರಾ, ಕೆಡವ್ತಾರಾ? ಜಗಲಿ ಹಿಂದೇನೇ ನಮ್ಮ ಮಗ್ಗ ಐತೆ. ಯಾವ್ದು ಅಂತ ಮೊದ್ಲು ಹೇಳಿ, ಆಮೇಲೆ ತೆಗೀರಿ.”

ನನಗೇನು ಗೊತ್ತು? ಅಲ್ಲಿಂದಲೇ ಗ್ರಂಥಾಲಯಕ್ಕೆ ಫೋನ್ ಮಾಡಿದೆ. “ಅದೆಲ್ಲ ನಮಗೆ ಗೊತ್ತಿಲ್ಲಮ್ಮ, ಸೋಮವಾರದೊಳಗೆ ಫೋಟೊ ಕೊಡಿ,” ಎಂದರು. ಹಾಗೆಯೇ ಆಕೆಗೆ ಹೇಳಿದೆ. ಅವರು ಸೆರಗು ಸರಿಮಾಡಿಕೊಂಡರು.

“ಹಂಗಾದ್ರೆ ನಾನೂ ನಿಂತ್ಕೋತೀನಿ. ಇಲ್ಲಾಂದ್ರೆ ಖಾಲಿ ಮನೆ ಅಂದ್ಕೊಂಡಾರು.”

ಕಂಬ ಹಿಡಿದು, ನಗದೆ ನಿಂತರು. ತೆಗೆದೆ.

ಪ್ರದರ್ಶನದ ದಿನ ರಸ್ತೆ ಕೆಲಸದ ಎಂಜಿನಿಯರೊಬ್ಬರು ಆ ಫೋಟೊದ ಮುಂದೆ ಬಹಳ ಹೊತ್ತು ನಿಂತಿದ್ದರು. ಮೆಚ್ಚಿ ನೋಡುತ್ತಿದ್ದರೋ, ಕಣ್ಣಲ್ಲೇ ಅಳೆಯುತ್ತಿದ್ದರೋ, ಪಕ್ಕದಲ್ಲೇ ನಿಂತಿದ್ದ ನನಗೆ ಕೊನೆಗೂ ಗೊತ್ತಾಗಲಿಲ್ಲ. ಹೋಗುವಾಗ, “ಫೋಟೊ ಬಹಳ ಸ್ಪಷ್ಟವಾಗಿದೆ,” ಎಂದರು.