ಪೊರಕೆಯಕ್ಕ ಮತ್ತು ದೊಡ್ಡ ಬೋಗುಣಿ

"ಅಲ್ಲೇ ನಿಂತ್ಕೋ ತಮ್ಮಾ. ಇನ್ನೊಂದು ಹೆಜ್ಜೆ ಇಟ್ರೆ ಮೊಲ ಮಾಯ!"

ಎತ್ತಿದ ಕಾಲನ್ನು ನಾನು ಹಾಗೇ ಹಿಂದಕ್ಕೆ ಇಡುತ್ತೇನೆ. ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮುಂದೆ ಕುಕ್ಕರಗಾಲಲ್ಲಿ ಕೂತವರು ಟಾರ್ಚನ್ನು ನೆಲಕ್ಕೆ ಓರೆಯಾಗಿ ಹಿಡಿದಿದ್ದಾರೆ. ಹಾಸಿದ ಮರಳಿನ ಮೇಲೆ ನಾಲ್ಕು ಪುಟ್ಟ ಗುಳಿಗಳು ಕಾಣುತ್ತವೆ. "ಗಾಬರಿಬಿದ್ದು ಓಡಿಲ್ಲ, ಆರಾಮಾಗಿ ಹೋಗಿದೆ ಮಹರಾಯ," ಎನ್ನುತ್ತಾ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಆಮೇಲೆ ಬೆನ್ನಿಗೆ ಕಟ್ಟಿದ್ದ ಪೊರಕೆ ಬಿಚ್ಚಿ ಮರಳನ್ನು ಸಮ ಮಾಡುತ್ತಾರೆ. ಮೊಲ ಹೋದ ಗುರುತು ಈಗ ಪುಸ್ತಕದಲ್ಲಿ ಮಾತ್ರ ಇದೆ.

ಇವರಿಗೆ ಐವತ್ತನಾಲ್ಕು ವರ್ಷ. ಅದರಲ್ಲಿ ಹತ್ತೊಂಬತ್ತು ವರ್ಷ ಇದೇ ಕೆಲಸ. ಎರಡು ಗುಡ್ಡಗಳ ನಡುವೆ ಹೆದ್ದಾರಿ ಹಾದುಹೋಗಿದೆ. ರಸ್ತೆಯ ಈ ಬದಿ ಆರು, ಆ ಬದಿ ಆರು ಮರಳಿನ ಹಾಸುಗಳಿವೆ. ರಾತ್ರಿ ಯಾವ ಪ್ರಾಣಿ ಓಡಾಡಿತು, ಯಾವುದು ರಸ್ತೆ ದಾಟಿತು ಎಂದು ಬೆಳಿಗ್ಗೆ ಓದಬೇಕು, ಬರೆಯಬೇಕು, ಗುಡಿಸಬೇಕು. ಹೋಗಿ ಬರಲು ಹನ್ನೊಂದು ಕಿಲೋಮೀಟರು. ಕ್ಯಾಮೆರಾ ಹಾಕಿ ನೋಡಿದ್ದಾರೆ, ಎರಡು ಸಲವೂ ಕಳುವಾಗಿದೆ. ಮರಳನ್ನು ಮಾತ್ರ ಇದುವರೆಗೆ ಯಾರೂ ಕದ್ದಿಲ್ಲ. ಸುತ್ತಮುತ್ತ ಎಲ್ಲರಿಗೂ ಇವರು ಪೊರಕೆಯಕ್ಕ. ಬೇಜಾರಾಗಲ್ವಾ ಎಂದು ಕೇಳಿದರೆ ನಗುತ್ತಾರೆ: "ಮನೆ ಗುಡಿಸೋರು ಊರ ತುಂಬ ಇದ್ದಾರೆ. ಕಾಡು ಗುಡಿಸೋಳು ನಾನೊಬ್ಬಳೇ."

ಮೊದಲು ಕಾಡಿನ ಕಚೇರಿಯ ವರಾಂಡ ಗುಡಿಸುತ್ತಿದ್ದರು. ಮರಳು ಹಾಸಿದಾಗ ಪೊರಕೆ ಹಿಡಿಯಲು ಒಬ್ಬರು ಬೇಕಾಯಿತು, ಹತ್ತು ದಿನಕ್ಕೆಂದು ಕಳಿಸಿದರು. ಆ ಹತ್ತು ದಿನ ಇನ್ನೂ ಮುಗಿದಿಲ್ಲ. ಹೆಜ್ಜೆ ಓದುವುದನ್ನು ಕಲಿಸಿದ್ದು ಒಬ್ಬ ಮುದುಕ ಕಾವಲುಗಾರ. ಮರಳಿನ ಮೇಲೆ ಎಂದೂ ಕಾಲಿಡಬೇಡ, ಗುರುತು ಎಷ್ಟು ತಾಜಾ ಎಂಬುದನ್ನು ಅದರ ಅಂಚು ನೋಡಿ ಹೇಳು, ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅಂತಲೇ ಬರಿ. ಇವು ಮೂರೇ ಪಾಠ.

ಇನ್ನೊಂದು ಪದ್ಧತಿಯನ್ನು ಇವರೇ ಕಂಡುಕೊಂಡಿದ್ದಾರೆ. ಅಪರೂಪದ ಹೆಜ್ಜೆ ಸಿಕ್ಕರೆ ಸಾಹೇಬರು ಬಂದು ಫೋಟೋ ತೆಗೆಯುವವರೆಗೆ ಗಾಳಿಗೆ, ಹನಿಗೆ ಅಳಿಸಬಾರದಲ್ಲ? ಅದಕ್ಕೆ ಪಾತ್ರೆ ಕವುಚಿ ಮುಚ್ಚುತ್ತಾರೆ. ನರಿಗೆ ತಟ್ಟೆ ಸಾಕು, ಚಿರತೆಗೆ ಪಾತ್ರೆಯ ಮುಚ್ಚಳ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತರಾದ ಗಂಡನಿಗೆ ಈಗ ಮನೆಯ ಅಡುಗೆ ಪಾಲಿಗೆ ಬಂದಿದೆ. "ನಮ್ಮನೇಲಿ ಮುಚ್ಚಳ ಇರೋ ಪಾತ್ರೆ ಒಂದೂ ಇಲ್ಲ ಸಾರ್," ಎಂದು ಅವರು ನನ್ನ ಮುಂದೆ ಅಹವಾಲು ಇಡುತ್ತಾರೆ. "ಎಲ್ಲಾ ಕಾಡು ಸೇರಿದಾವೆ. ಈಗ ದೊಡ್ಡ ಬೋಗುಣೀನೂ ಹೊತ್ಕೊಂಡ್ ಹೋಗ್ತಿದ್ದಾಳೆ. ಹಿಟ್ಟು ಎಲ್ಲಿ ಕಲಸಲಿ, ನನ್ನ ತಲೆ ಮೇಲಾ?"

ದೊಡ್ಡ ಬೋಗುಣಿ ಕರಡಿಗೆ. ಇಪ್ಪತ್ತೇಳು ದಿನದಿಂದ ಅದನ್ನು ಬೆನ್ನ ಮೇಲೆ ಹೊತ್ತು ತಿರುಗುತ್ತಿದ್ದಾರೆ, ಇನ್ನೂ ಒಮ್ಮೆಯೂ ಕೆಳಗಿಳಿಸಿಲ್ಲ. ವಿಷಯ ಇಷ್ಟು: ಹೆದ್ದಾರಿಯ ಎರಡೂ ಬದಿಗೆ ಎತ್ತರದ ಬೇಲಿ ಬರಲಿದೆ. ಕರಡಿಗಳು ಇಲ್ಲಿ ರಸ್ತೆ ದಾಟುತ್ತವೆ ಎಂಬುದಕ್ಕೆ ಮೂವತ್ತು ದಿನದೊಳಗೆ ಒಂದು ದಾಖಲೆ ಸಿಕ್ಕರೆ ಇಲ್ಲಿ ಬೇಲಿಗೆ ಬದಲು ರಸ್ತೆಯ ಕೆಳಗೊಂದು ದಾರಿ ಬಿಡುತ್ತಾರೆ. ಸಿಗದಿದ್ದರೆ ಎರಡು ಗುಡ್ಡಗಳ ಸಂಬಂಧ ಕಡಿದುಹೋಯಿತು ಎಂದೇ ಲೆಕ್ಕ. ರಸ್ತೆಯ ಒಂದೇ ಬದಿಯಲ್ಲಿ ಹೆಜ್ಜೆ ಇದ್ದರೆ ಸಾಲದು. ಈ ಬದಿಯ ಮರಳಿನಲ್ಲೂ ಆ ಬದಿಯ ಮರಳಿನಲ್ಲೂ ಇರಬೇಕು.

ಈ ಹಟದ ಹಿಂದೆ ಒಂದು ಹಳೆಯ ತಪ್ಪಿದೆ. ಹದಿನೇಳು ವರ್ಷದ ಹಿಂದೆ, ಇಲ್ಲಿಂದ ಮೇಲಕ್ಕಿದ್ದ ಇನ್ನೊಂದು ದಾಟುದಾರಿಯ ತಪಾಸಣೆಗೆ ದೊಡ್ಡ ಸಾಹೇಬರು ಮೂರು ದಿನ ಬಂದಿದ್ದರು. ಸಾಹೇಬರು ಬರುತ್ತಾರೆಂದರೆ ಚೊಕ್ಕಟ ಇರಬೇಡವೇ? ವರಾಂಡ ಗುಡಿಸಿದ ಕೈ. ಮೂರು ದಿನವೂ ಅಕ್ಕ ಕತ್ತಲಿರುವಾಗಲೇ ಹೋಗಿ, ಓದದೆ, ಅಲ್ಲಿದ್ದ ಎಲ್ಲ ಮರಳನ್ನೂ ಕನ್ನಡಿಯ ಹಾಗೆ ಗುಡಿಸಿಟ್ಟರು. ಸಾಹೇಬರು ನೋಡಿದರು, 'ಪ್ರಾಣಿ ಸಂಚಾರ ಇಲ್ಲ' ಎಂದು ಬರೆದುಕೊಂಡರು. ಮೇಲಿನ ದಾರಿಗೆ ಬೇಲಿ ಬಿತ್ತು.

"ಆ ವರ್ಷ ಜಿಂಕೆಗಳು ಬೇಲಿ ಹತ್ರ ಬಂದು ನಿಲ್ಲೋವು," ಎನ್ನುತ್ತಾರೆ ಅಕ್ಕ. "ಆ ಕಡೆ ನೋಡ್ತಾ ನಿಂತೇ ಇರೋವು. ತಪ್ಪಾಯ್ತು ಅಂತ ಯಾರ್ ಹತ್ರ ಹೇಳ್ಲಿ? ಸಾಹೇಬ್ರಿಗೆ ಹೇಳ್ದೆ. ಫೈಲು ಮುಗ್ದೋಯ್ತಮ್ಮ ಅಂದ್ರು."

ಹನ್ನೆರಡು ಹಾಸು ಮುಗಿದರೆ ಕೆಲಸ ಮುಗಿಯಿತು. ಅಕ್ಕ ಮಾತ್ರ ನೇರವಾಗಿ ಮನೆಗೆ ಹೋದವರಲ್ಲ. ಮಂಡಿ ನೋವು ಎಂದು ಗೊಣಗುತ್ತಲೇ ಹುಲ್ಲಿನ ಗುಡ್ಡ ಹತ್ತುತ್ತಾರೆ. ಗುಡ್ಡದ ನೆತ್ತಿಯಲ್ಲಿ ಗಾಳಿಗೆ ಎದುರಾಗಿ ಕೂತು, ಸೀಬೆಹಣ್ಣು ಎರಡು ಹೋಳು ಮಾಡಿ ನನಗೊಂದು ಕೊಡುತ್ತಾರೆ. ಕೆಳಗೆ ಹನ್ನೆರಡು ಜಿಂಕೆ. ಒಂದು ತಲೆ ಎತ್ತಿ ನಮ್ಮನ್ನು ನೋಡಿ ಮತ್ತೆ ಮೇಯಲು ಶುರುಮಾಡುತ್ತದೆ. "ನೋಡಿದ್ಯಾ? ನೋಡಿನೂ ಓಡ್ಲಿಲ್ಲ. ಯಾವ ನೆಂಟರ ಮನೇಲೂ ಈ ಮರ್ಯಾದೆ ಸಿಗಲ್ಲ ತಮ್ಮಾ. ಸಂಬಳ ಕೊಡೋದು ಗುಡಿಸೋಕೆ. ತಿರುಗೋದು ನನ್ನ ಖುಷಿಗೆ." ನಾನು ವಾರಕ್ಕೊಂದು ಲೇಖನ ಬರೆಯುವ, ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವ ಆಸಾಮಿ. ಆ ಗಳಿಗೆಯಲ್ಲಿ ನನಗೆ ಎದ್ದು ಹೋಗುವ ಮನಸ್ಸೇ ಇಲ್ಲ.

ಅಕ್ಕನ ಕೈ ನನ್ನ ತೋಳು ಹಿಡಿಯುತ್ತದೆ. ಪಕ್ಕದ ಇಳಿಜಾರಿನಲ್ಲಿ ಒಂದು ಕಪ್ಪು ಬೆನ್ನು. ಕರಡಿ! ಕಲ್ಲು ಮಗುಚಿ ಇರುವೆ ನೆಕ್ಕುತ್ತದೆ, ಸೀನುತ್ತದೆ, ಇನ್ನೊಂದು ಕಲ್ಲಿಗೆ ಹೋಗುತ್ತದೆ. ಹಾಗೇ ಇಳಿಯುತ್ತಾ, ಈ ಬದಿಯ ಮರಳನ್ನು ತುಳಿದು, ರಸ್ತೆಯ ಅಂಚಿಗೆ ಬಂದು ನಿಲ್ಲುತ್ತದೆ. ಅಕ್ಕ ಉಸಿರು ಬಿಗಿಹಿಡಿದಿದ್ದಾರೆ. "ಹೋಗು ತಾಯೀ, ಹೋಗು," ಎಂದು ತುಟಿಯಲ್ಲೇ ಅನ್ನುತ್ತಿದ್ದಾರೆ. ಅಷ್ಟರಲ್ಲಿ ತಿರುವಿನಲ್ಲಿ ಲಾರಿಯ ಹಾರ್ನು. ಕರಡಿ ಗಕ್ಕನೆ ತಿರುಗಿ ಗುಡ್ಡ ಹತ್ತಿ ಪೊದೆಯೊಳಗೆ ಮರೆಯಾಗುತ್ತದೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ನಾವು ಇಳಿದು ನೋಡುತ್ತೇವೆ. ಮರಳಿನ ಮೇಲೆ ಹೆಜ್ಜೆ ಅಚ್ಚೊತ್ತಿದಂತಿದೆ: ಅಗಲ ಅಂಗಾಲು, ಐದು ಬೆರಳು, ಮುಂದೆ ಉಗುರಿನ ಗೀರು. ಅಕ್ಕ ಪುಸ್ತಕ ತೆಗೆದು ಬರೆಯುತ್ತಾರೆ: 'ಕರಡಿ ಒಂದು. ಬಂದಿತ್ತು. ದಾಟಿಲ್ಲ.'

ನನ್ನ ನಾಲಿಗೆ ಸುಮ್ಮನಿರುವುದಿಲ್ಲ. "ಅಕ್ಕಾ, ನಾವಿಬ್ಬರೂ ಕಣ್ಣಾರೆ ಕಂಡೆವಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಬೇಕಾ? ಆ ಬದಿಯಲ್ಲೂ ಒಂದು ಗುರುತು ಇದೆ ಅಂತ..." ಮುಂದೆ ಹೇಳಲು ನನಗೇ ನಾಚಿಕೆಯಾಗುತ್ತದೆ. ಅವರು ಬೈಯುವುದಿಲ್ಲ. ಮುಷ್ಟಿಯನ್ನು ಮರಳಿಗೆ ಒತ್ತಿ, ಮೇಲೆ ಬೆರಳ ತುದಿಯಿಂದ ಐದು ಗುಳಿ, ಒಣಕಡ್ಡಿಯಿಂದ ಐದು ಗೀರು. ಕಣ್ಣು ಮಿಟುಕಿಸುವಷ್ಟರಲ್ಲಿ ಕರಡಿ ಹೆಜ್ಜೆ ಸಿದ್ಧ. ಯಾವ ಸಾಹೇಬರೂ ವ್ಯತ್ಯಾಸ ಕಂಡುಹಿಡಿಯಲಾರರು.

"ಇದು ನಂಗೆ ಮೊದ್ಲಿಂದ ಗೊತ್ತು," ಎನ್ನುತ್ತಾರೆ. "ಒಂದ್ಸಲ ಅಳಿಸಿ ಸುಳ್ಳು ಹೇಳ್ದೆ. ಈಗ ಬರೆದು ಹೇಳ್ಲಾ? ಇನ್ನೂ ಮೂರು ಬೆಳಿಗ್ಗೆ ಇದೆಯಲ್ಲ. ಅದು ಬರ್ಲಿ, ಬಿಡ್ಲಿ. ನಾನಂತೂ ಬರ್ತೀನಿ." ಪೊರಕೆ ತೆಗೆದು ತಾನು ಮಾಡಿದ ಹೆಜ್ಜೆಯನ್ನೂ, ಕರಡಿಯ ಹೆಜ್ಜೆಯನ್ನೂ ಒಟ್ಟಿಗೆ ಗುಡಿಸಿಬಿಡುತ್ತಾರೆ.

ನಿಮ್ಮ ಆಸೆ ಏನು ಎಂದು, ಇಂಥ ಲೇಖನ ಬರೆಯುವ ಎಲ್ಲರಂತೆ, ನಾನೂ ಕೇಳುತ್ತೇನೆ. "ರಸ್ತೆ ಕೆಳಗೆ ದಾರಿ ಆದ್ರೆ ಅಲ್ಲೂ ಮರಳು ಹಾಸ್ಲಿ," ಅಷ್ಟೇ ಅವರ ಉತ್ತರ.

ಲೇಖನ ಇಲ್ಲಿಗೆ ಮುಗಿದಿತ್ತು. ಇಪ್ಪತ್ತೊಂಬತ್ತನೆಯ ದಿನ ಬೆಳಿಗ್ಗೆ ಇದನ್ನು ಕಚೇರಿಗೆ ಕಳಿಸುವ ಮೊದಲು ಅವರ ವಯಸ್ಸು ಇನ್ನೊಮ್ಮೆ ಕೇಳಿಕೊಳ್ಳೋಣವೆಂದು ಮನೆಗೆ ಫೋನ್ ಮಾಡುತ್ತೇನೆ. ಎತ್ತಿದವರು ಅವರ ಯಜಮಾನರು. "ಅವಳಿನ್ನೂ ಬಂದಿಲ್ಲ ಸಾರ್. ಬೋಗುಣೀನೂ ಬಂದಿಲ್ಲ," ಎನ್ನುತ್ತಾರೆ. ದನಿಯಲ್ಲಿ ಅಹವಾಲಿಲ್ಲ, ನಗು ಇದೆ. "ನೀವೇ ಅವಳ ಮೊಬೈಲಿಗೆ ಮಾಡಿ."

ಮಾಡುತ್ತೇನೆ. ಆ ಕಡೆ ಗಾಳಿಯ ಸದ್ದು, ದೂರದಲ್ಲಿ ಲಾರಿ.

"ಈ ಕಡೆ ಎರಡು ಹೆಜ್ಜೆ, ಆ ಕಡೆ ನಾಲ್ಕು," ಎನ್ನುತ್ತಾರೆ ಅಕ್ಕ, ಯಾರಿಗೋ ಎಚ್ಚರವಾದೀತು ಎನ್ನುವ ಹಾಗೆ ಮೆಲ್ಲಗೆ. "ಆ ಕಡೆ ಚೆನ್ನಾಗಿರೋದನ್ನ ಬೋಗುಣೀಲಿ ಮುಚ್ಚಿದೀನಿ. ಈ ಕಡೇದಕ್ಕೆ ಸೆರಗು ಅಡ್ಡ ಹಿಡ್ಕೊಂಡು ಕೂತಿದೀನಿ. ಸಾಹೇಬ್ರು ಮಧ್ಯಾಹ್ನ ಬರ್ಲಿ, ಸಂಜೆಗೆ ಬರ್ಲಿ. ಅವರು ನೋಡೋವರೆಗೂ ಇವತ್ತು ನಾನು ಗುಡಿಸಲ್ಲ ತಮ್ಮಾ."