ಜಾಯಿಂಟು ಕಾಣುವ ಮೆಟ್ಟಿಲು

ಫಿಟಿಂಗ್ ಮಾಸ್ಟರ್ ಸತ್ತದ್ದು ಮೆಟ್ಟಿಲಿನಿಂದ ಬಿದ್ದು ಅಲ್ಲ. ಬೀದಿಯವರೆಲ್ಲ ಹಾಗೇ ಆಗುತ್ತದೆಂದು ಕಾದಿದ್ದರು. ಯಾರ ಲೆಕ್ಕಾಚಾರಕ್ಕೂ ಸಿಗದೆ, ಮಧ್ಯಾಹ್ನ ಉಂಡು ಮಹಡಿಯಲ್ಲಿ ಮಲಗಿದವನು ಏಳಲೇ ಇಲ್ಲ.

ಕೆಳಗೆ ಅವನ ಟೈಲರ್ ಅಂಗಡಿ, ಮೇಲೆ ಮನೆ, ನಡುವೆ ಏಣಿಯ ಅಣ್ಣನಂಥ ಮರದ ಮೆಟ್ಟಿಲು. ಕೊಂಚ ಮೈಕೈ ತುಂಬಿಕೊಂಡವರು ಅಡ್ಡ ತಿರುಗಿಯೇ ಹತ್ತಬೇಕು. ಅದನ್ನು ದಿನಾ ಇಳಿದು ಬರುತ್ತಿದ್ದವಳು ಅವನ ಅಕ್ಕ. ಗಂಡ ಹೋದ ಮೇಲೆ ತಮ್ಮನ ಮನೆ ಸೇರಿದ್ದಳು. ಅಂಗಡಿಯ ಬಾಗಿಲ ಪಕ್ಕದ ಕುರ್ಚಿ ಅವಳದು. ಅಂಗಿಗೆ ಕಾಜಾ, ಗಿರಾಕಿಗೆ ಬೈಗುಳ, ಎರಡನ್ನೂ ಅಲ್ಲೇ ಕೂತು ಅಳತೆ ತಪ್ಪದೆ ಕೊಡುತ್ತಿದ್ದಳು.

ಕಣ್ಣು ಮಂದವಾಯಿತು, ಮಂಡಿ ಮುಷ್ಕರ ಹೂಡಿತು. "ಇನ್ನು ಇಳೀಬೇಡಮ್ಮ, ಮೇಲೇ ಇರು," ಎಂದಳು ಬೇರೆ ಊರಿನಿಂದ ಬಂದ ಅಕ್ಕನ ಮಗಳು.

"ಮೇಲೆ ಕೂತು ಯಾರನ್ನ ಬೈಲಿ? ಗೋಡೆನಾ?"

ಮಾಸ್ಟರ್ ತಾನೇ ಮುಂದೆ ಬಂದ. ಕಾಲು ಜಾರದಿರಲೆಂದು ಕೋಟು ಹೊಲಿದು ಉಳಿದಿದ್ದ ಚೌಕಳಿ ಬಟ್ಟೆಯನ್ನು ಮೆಟ್ಟಿಲಿಗೆಲ್ಲ ಬಿಗಿದು ಅಂಟಿಸಿದ. ಜೇಬಿನ ಗೆರೆ ಅಂಗಿಯ ಗೆರೆಗೆ ಕೂಡಿಕೊಂಡು ಜಾಯಿಂಟೇ ಕಾಣಬಾರದು ಎಂಬುದು ಅವನ ಜೀವಮಾನದ ಜಂಬ. ಮೆಟ್ಟಿಲಿಗೂ ಹಾಗೇ ಮಾಡಿದ. ಮೇಲಿಂದ ನೋಡಿದರೆ ಇಳಿಜಾರಿಗೆ ಜಮಖಾನ ಹಾಸಿದಂತೆ.

"ಎಲ್ಲಿ ಜಾಯಿಂಟ್ ಇದೆ, ಹೇಳು ನೋಡೋಣ ಅಕ್ಕ!"

ಅಕ್ಕನಿಗೂ ಕಾಣಲಿಲ್ಲ. ಮರುದಿನ ಇಲ್ಲದ ಮೆಟ್ಟಿಲ ಮೇಲೆ ಕಾಲಿಟ್ಟು, ಕೂತ ಭಂಗಿಯಲ್ಲೇ ದಡದಡನೆ ಅಂಗಡಿ ತಲುಪಿದಳು.

"ಬಿದ್ದೆಯಾ?"

"ಇಲ್ಲ ಕಣೋ, ಟ್ರಯಲ್ ನೋಡ್ತಿದೀನಿ. ಸೊಂಟದ ಹತ್ರ ಸ್ವಲ್ಪ ಟೈಟು."

ಮೂಳೆ ಮುರಿದಿರಲಿಲ್ಲ. ಆದರೆ ಮಗಳು ಅಮ್ಮನ ಬಟ್ಟೆ ಜೋಡಿಸಲು ಕೂತಳು. "ಇನ್ನೊಂದ್ಸಲ ಹೀಗಾದ್ರೆ ನನ್ನ ಜೊತೆ ಹೊರಡೋದೇ."

ಅಂದು ಮಾಸ್ಟರ್ ಊಟ ಮುಟ್ಟಲಿಲ್ಲ. ಯಾವ ಗಿರಾಕಿಯೂ ಒಪ್ಪದೆ ಮೂಲೆಗೆ ಬಿದ್ದಿದ್ದ ಕಣ್ಣು ಕುಕ್ಕುವ ಹಳದಿ ಪಟ್ಟಿ ತೆಗೆದು, ಪ್ರತಿ ಮೆಟ್ಟಿಲಿನ ಅಂಚಿಗೂ ಮೊಳೆ ಹೊಡೆದ. ತನ್ನ ಮಾನವನ್ನು ತಾನೇ ಹರಾಜಿಗಿಟ್ಟವನ ಮುಖ.

"ಅಸಹ್ಯ! ಜಾಯಿಂಟೆಲ್ಲ ಕಿರುಚ್ತಾ ಇದೆ."

"ಕಿರುಚಲಿ ಬಿಡೋ. ನನಗೆ ಕಿವಿನೂ ಮಂದ."

ಆಮೇಲೆ ಪಕ್ಕದ ಬೀದಿಯ ಬಡಗಿಯನ್ನು ಕರೆಸಿ ಎರಡೂ ಕಡೆ ರೇಲಿಂಗ್ ಹಾಕಿಸಿದ. ಎತ್ತರದ ಅಳತೆ ಮಾತ್ರ ತಾನೇ ತೆಗೆದ. ಎದೆ ಸೆಟೆಸಿ ನಿಂತ ಅಕ್ಕನಿಗೆ, "ನೆಟ್ಟಗೆ ನಿಲ್ಬೇಡ ಅಕ್ಕ, ನೀನಿರೋ ಹಾಗೆ ನಿಲ್ಲು," ಎಂದ. ಆ ಮಾತನ್ನು ಅವನು ಬೇರೆ ಯಾರಿಗೂ ಹೇಳಿದವನಲ್ಲ.

"ಎರಡು ಕಡೆ ಹಾಕಿದ್ರೆ ನಾಳೆ ಒಂದು ಬೀರು ಇಳಿಯಲ್ಲ, ಮಾಸ್ಟರ್," ಎಂದ ಬಡಗಿ.

"ಅಕ್ಕ ಇಳಿದ್ರೆ ಸಾಕು."

ಬೀರು ಇಳಿಸುವ ಪ್ರಸಂಗ ಬರಲಿಲ್ಲ, ಮಾಸ್ಟರನ್ನೇ ಇಳಿಸುವ ಪ್ರಸಂಗ ಬಂತು. ಹೆಗಲು ಕೊಡಲು ಬಂದವರು ಮೇಲೆ ಹೋಗಿ, ಮೆಟ್ಟಿಲು ನೋಡಿ, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬಡಗಿ ಸ್ಕ್ರೂಡ್ರೈವರ್ ತೆಗೆದ. "ಅಕ್ಕ, ಒಂದು ಕಡೇದು ಬಿಚ್ಚಿಬಿಡ್ತೀನಿ. ಆಮೇಲೆ ಬಂದು ಹಾಕ್ತೀನಿ."

"ಮುಟ್ಟು ನೋಡೋಣ! ನಿನ್ನ 'ಆಮೇಲೆ' ನನಗೆ ಗೊತ್ತು. ಅಷ್ಟರಲ್ಲಿ ಈ ಮಗಳು ನನ್ನ ಗಂಟುಮೂಟೆ ಕಟ್ಟಿಸಿರ್ತಾಳೆ. ಕೆಳಗಿಂದ ಕುರ್ಚಿ ತನ್ನಿ. ಕೂರಿಸಿ ಇಳಿಸಿ."

"ಅಮ್ಮಾ! ಕೂರಿಸೋದಾ?"

"ಜನ್ಮವೆಲ್ಲ ಕೂತೇ ಕೆಲಸ ಮಾಡಿದವನು. ಅವನಿಗೇನೂ ಹೊಸದಲ್ಲ."

ಹಿಂದೊಬ್ಬ, ಮುಂದೊಬ್ಬ ಹಿಡಿದು ಮಾಸ್ಟರನ್ನು ಇಳಿಸಿದರು. ಹಿಂದೆಯೇ ಅಕ್ಕ. ಮಗಳು ತೋಳು ಚಾಚಿದಳು, "ಹಿಡ್ಕೋಮ್ಮ." ಅಕ್ಕ ಹಿಡಿಯಲಿಲ್ಲ. ಎರಡು ಕೈ ಎರಡು ರೇಲಿಂಗ್ ಮೇಲೆ. ಕಣ್ಣು ತುಂಬಿ ಮತ್ತೇನೂ ಕಾಣುತ್ತಿರಲಿಲ್ಲ, ಹಳದಿಯೊಂದು ಬಿಟ್ಟು. ಒಂದು ಹಳದಿ ದಾಟಿ ಇನ್ನೊಂದು ಹಳದಿ, ಹಾಗೆ ಕೆಳಗಿನವರೆಗೂ ಬಂದಳು. ಮಗಳು ಚಾಚಿದ್ದ ತೋಳನ್ನು ಹಿಂದಕ್ಕೆಳೆದುಕೊಂಡಳು.

ಬಾಗಿಲ ಪಕ್ಕದಲ್ಲಿ, ಅವಳದೇ ಕುರ್ಚಿಯಲ್ಲಿ, ಮಾಸ್ಟರ್ ತಲೆ ವಾಲಿಸಿ ಕೂತಿದ್ದ. ಅಕ್ಕ ಅವನ ಕಾಲರ್ ಸರಿಮಾಡಿದಳು.

"ಏಳೋ ಇನ್ನು," ಎಂದಳು. "ನನಗೆ ಕೂರೋಕೆ ಜಾಗ ಬೇಡ್ವಾ?"